ಬಂದವಳೇ ಮನೆಯ ಬೇರು

(ಸಂಘದ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಗಡಿನಾಡಿನಲ್ಲಿ ನಾಲ್ಕು ಜನ ಕೂಡಿದ ಸಭೆಯೆಂದರೆ ನುಡಿಯ ಮಾತು, ನಾಡಿನ ಮಾತು, ನೀರಿನ ಮಾತು ಬಂದೇ ಬರುತ್ತವೆ. ಬರಬೇಕಾದದ್ದೂ ಸರಿಯೆ. ಆದರೆ ಇಂದು ನಾವು ಆಡಹೊರಟಿರುವುದು ಮನೆಯ ಮಾತು. ವಲಸೆ ಬಂದ ಮನೆತನದ ಹಿರಿಯಳೊಬ್ಬಳ ಬಾಳು ಎಂತಹುದು, ಅದನ್ನು ನಾವು ಎಷ್ಟರಮಟ್ಟಿಗೆ ಬಲ್ಲೆವು ಎಂಬುದೇ ಈ ಹೊತ್ತಿನ ವಿಷಯ. ಇದು ಚಿಕ್ಕ ವಿಷಯವೆಂದು ಕೆಲವರಿಗೆ ತೋರಬಹುದು. ಕೊನೆಯವರೆಗೆ ಕೇಳಿದ ಮೇಲೆ ಹಾಗೆ ತೋರಲಾರದೆಂಬ ನಂಬಿಗೆ ನಮಗಿದೆ.

ಜತ್ತ ತಾಲೂಕಿನಲ್ಲಿ ಹೊಸಬರನ್ನು ಕಂಡೊಡನೆ ಕೇಳುವ ಮೊದಲನೆಯ ಪ್ರಶ್ನೆ, "ನಿಮ್ಮ ಮೂಲ ಯಾವ ಊರು?" ಎಂಬುದು. ಒಬ್ಬರು ಇಂಡಿಯ ಕಡೆಯವರೆನ್ನುತ್ತಾರೆ, ಇನ್ನೊಬ್ಬರು ಅಥಣಿಯ ಕಡೆಯವರು, ಮತ್ತೊಬ್ಬರು ಮಂಗಳವೇಢೆಯವರು. "ನಮ್ಮ ಮುತ್ತಜ್ಜ ಒಂದು ಜೋಡು ಎತ್ತು ಕಟ್ಟಿಕೊಂಡು ಬಂದ" ಎಂಬ ಕಥೆ ಎಷ್ಟೋ ಮನೆಗಳಲ್ಲಿ ಉಂಟು. ಮುತ್ತಜ್ಜನ ಹೆಸರು ಉಂಟು, ಆತನ ತಂದೆಯ ಹೆಸರೂ ಉಂಟು, ಎತ್ತುಗಳ ಬಣ್ಣ ಸಹ ಕೆಲವರಿಗೆ ನೆನಪುಂಟು. ಆಗ, "ಮುತ್ತಜ್ಜಿಯ ಹೆಸರೇನು? ಆಕೆ ಯಾವ ಊರ ಮಗಳು?" ಎಂದು ಕೇಳಿ ನೋಡಿರಿ. ಹೇಳುತ್ತಿದ್ದವರು ಸುಮ್ಮನಾಗುತ್ತಾರೆ. ಎತ್ತಿನ ಬಣ್ಣ ಉಳಿದ ಮನೆಯಲ್ಲಿ ಅಜ್ಜಿಯ ಹೆಸರು ಉಳಿಯಲಿಲ್ಲ. ಇಲ್ಲಿ ನೆರೆದವರೆಲ್ಲ ಮನಸ್ಸಿನಲ್ಲಿಯೆ ಒಮ್ಮೆ ಲೆಕ್ಕ ಹಾಕಬೇಕು. ತಾಯಿಯ ಹೆಸರು ಎಲ್ಲರಿಗೂ ಗೊತ್ತು. ತಾಯಿಯ ತಾಯಿಯ ಹೆಸರು ಬಹುಮಂದಿಗೆ ಗೊತ್ತು. ಅವಳ ತಾಯಿಯ ಹೆಸರಿಗೆ ಬಂದಾಗ ನಾವೆಲ್ಲರೂ ತಡವರಿಸುತ್ತೇವೆ.

ನಮ್ಮ ಕಡೆ ಮನೆತನಗಳ ವಂಶಾವಳಿಯನ್ನು ಕಾಪಾಡಿಕೊಂಡು ಬಂದವರು ಹೆಳವರು. ಸುಗ್ಗಿಯ ನಂತರ ಎತ್ತಿನ ಮೇಲೆ ಕುಳಿತು ಊರಿಗೆ ಬಂದು, ಮನೆಯ ಮುಂದೆ ನಿಂತು, ಆ ಮನೆತನದ ಮೂಲಸ್ಥಳ, ಬೆಡಗು, ಹಿರಿಯರ ಸಾಲು ಎಲ್ಲವನ್ನೂ ಅವರು ಹಾಡಿದಂತೆ ಹೇಳುತ್ತಾರೆ. ಕಾಳು ಬಟ್ಟೆಗಳ ಕಾಣಿಕೆ ಪಡೆದು, ಹೊಸದಾಗಿ ಹುಟ್ಟಿದವರ ಹೆಸರನ್ನು ಬರೆದುಕೊಳ್ಳುತ್ತಾರೆ. ತಾಳೆಗರಿ, ತಾಮ್ರಪಟ, ಕಾಗದದ ಹೊತ್ತಿಗೆ ಹೀಗೆ ಅವರ ದಫ್ತರ ಬೆಳೆದು ಬಂದಿದೆ. ಅವರಿಗೆ ನಾವು ಎಷ್ಟು ಋಣಿಗಳಾದರೂ ಸಾಲದು. ನಮ್ಮ ಮನೆತನಗಳು ಎಲ್ಲಿಂದ ಎಲ್ಲಿಗೆ ನಡೆದುವು ಎಂಬುದಕ್ಕೆ ಆ ಹೊತ್ತಿಗೆಗಳಂಥ ಸಾಕ್ಷಿ ಬೇರಿಲ್ಲ. ಆದರೆ ಆ ಸಾಲು ಮುಖ್ಯವಾಗಿ ತಂದೆಯಿಂದ ಮಗನಿಗೆ ಇಳಿಯುವ ಸಾಲು. ಹೆಣ್ಣು ಅದರಲ್ಲಿ ಒಂದು ಮನೆಯಿಂದ ಹೊರಟು ಇನ್ನೊಂದು ಮನೆಯ ಬಾಗಿಲಲ್ಲಿ ಕಾಣದಾಗುತ್ತಾಳೆ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಯಾವ ಮನೆತನವನ್ನೇ ತೆಗೆದುಕೊಳ್ಳಿರಿ, ಅದು ನೂರಾರು ವರ್ಷ ಒಂದೇ ಊರಿನಲ್ಲಿ ನೆಲೆನಿಂತಿದ್ದರೂ, ಅದರ ಹೆಣ್ಣು ಹಿರಿಯಳು ಬಹುಮಟ್ಟಿಗೆ ಬೇರೆ ಊರಿನಿಂದಲೇ ಬಂದವಳು. ಸೊಸೆಯೆಂದರೆ ಬಂದವಳು. ಗಂಡಸಿನ ವಲಸೆ ತಲೆಮಾರಿಗೊಮ್ಮೆಯೋ ಬರಗಾಲಕ್ಕೊಮ್ಮೆಯೋ ಆದರೆ, ಹೆಣ್ಣಿನ ವಲಸೆ ಪ್ರತಿಯೊಂದು ತಲೆಮಾರಿನಲ್ಲಿಯೂ ಆಗಿಯೇ ಆಗುತ್ತದೆ. ಹೀಗಿರುವಾಗ ವಲಸೆಯ ಮನೆತನದ ಹೆಣ್ಣು ಎರಡು ಸಲ ವಲಸೆ ಹೋದವಳು: ತವರಿನಿಂದ ಗಂಡನ ಮನೆಗೆ ಒಮ್ಮೆ, ಗಂಡನ ಊರಿನಿಂದ ಗುರುತಿಲ್ಲದ ಊರಿಗೆ ಇನ್ನೊಮ್ಮೆ.

ನಮ್ಮ ಸೀಮೆಯಲ್ಲಿ ಇದಕ್ಕೆ ಮತ್ತೊಂದು ತೊಡಕು ಕೂಡಿಕೊಂಡಿತು. ಇಲ್ಲಿ ಜನ ನಡೆದಂತೆ ಗಡಿಯೂ ನಡೆಯುತ್ತ ಬಂದಿದೆ. ಆದಿಲಶಾಹಿಯ ನಾಡು ಡಫಳೆಯವರ ಜಾಗೀರಾಯಿತು. ಸಾತಾರೆಯ ಮಹಾರಾಜರ ಅಧೀನವಾಯಿತು. ಬ್ರಿಟಿಷರ ಕಾಲದಲ್ಲಿ ಬಹುದಿನ ವಿಜಾಪುರ ಏಜನ್ಸಿಯಲ್ಲಿತ್ತು. ೧೯೪೮ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ದಕ್ಷಿಣ ಸಾತಾರಾ ಎಂದು ಹುಟ್ಟಿದ ಜಿಲ್ಲೆಗೆ ೧೯೬೦ರಲ್ಲಿ ಸಾಂಗಲಿ ಎಂದು ಹೆಸರಾಯಿತು. ೧೯೫೬ರ ನವೆಂಬರ್ ೧ರಂದು ವಿಜಾಪುರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದಾಗ ಜತ್ತ ಇತ್ತ ಉಳಿಯಿತು. ಉಮದಿಯ ಮಗಳನ್ನು ಚಡಚಣಕ್ಕೆ ಕೊಟ್ಟ ಮನೆಯವರಿಗೆ ಹಾದಿ ಅದೇ, ಬಂಡಿ ಅದೇ, ನುಡಿ ಅದೇ. ಆದರೆ ಒಂದು ತಲೆಮಾರಿನ ಸೊಸೆ ಸಂಸ್ಥಾನದ ಗಡಿ ದಾಟಿದಳು, ಮುಂದಿನ ತಲೆಮಾರಿನ ಸೊಸೆ ರಾಜ್ಯದ ಗಡಿ ದಾಟಿದಳು. ಹುಟ್ಟಿದ ದಾಖಲೆ, ಶಾಲೆಯ ದಾಖಲೆ ಒಂದು ರಾಜ್ಯದಲ್ಲಿ, ಬಾಳ್ವೆ ಇನ್ನೊಂದು ರಾಜ್ಯದಲ್ಲಿ. ಇಂದಿಗೂ ಒಂದು ಪ್ರಮಾಣಪತ್ರಕ್ಕಾಗಿ ತವರಿನ ಕಾಗದ ಹುಡುಕುತ್ತ ತಿರುಗುವ ಹೆಣ್ಣುಮಕ್ಕಳು ಈ ಸಭೆಯಲ್ಲಿಯೂ ಇದ್ದಾರು.

ಬಂದವಳು ಮನೆಯನ್ನು ಹೇಗೆ ನಿಲ್ಲಿಸುತ್ತಾಳೆಂಬುದಕ್ಕೆ ನಮ್ಮ ಜತ್ತದ ಅರಮನೆಯ ಇತಿಹಾಸವೇ ಮೊದಲನೆಯ ನಿದರ್ಶನ. ಡಫಳಾಪುರದ ಪಾಟೀಲ ಮನೆತನದ ಸಟವಾಜಿರಾವ ಡಫಳೆ ೧೬೮೦ರಲ್ಲಿ ವಿಜಾಪುರದ ದರಬಾರಿನಿಂದ ಜತ್ತ, ಕರಜಗಿ ಮೊದಲಾದ ಕಡೆಗಳ ದೇಶಮುಖಿಯನ್ನು ಪಡೆದರು. ೧೬೮೬ರಲ್ಲಿ ವಿಜಾಪುರ ಬಿದ್ದಿತು. ನಾಡು ಔರಂಗಜೇಬನ ಕೈಸೇರಿತು. ಸಟವಾಜಿರಾಯರ ನಂತರ ೧೭೦೬ರಲ್ಲಿ ಜಾಗೀರಿನ ಹೊಣೆ ಹೊತ್ತವಳು ಆ ಮನೆಯ ಸೊಸೆ ಯೇಸೂಬಾಯಿ. ೧೭೫೪ರವರೆಗೆ, ಎಂದರೆ ೪೮ ವರ್ಷ, ಆ ಹೊಣೆ ಅವಳ ಹೆಸರಿನಲ್ಲಿ ನಡೆಯಿತು. ಮೊಗಲರ ಬಲ ಕುಗ್ಗಿ ಮರಾಠರ ಬಲ ಏರುತ್ತಿದ್ದ ಆ ದಿನಗಳಲ್ಲಿ ದೊಡ್ಡ ದೊಡ್ಡ ಮನೆತನಗಳು ಹೇಳಹೆಸರಿಲ್ಲದೆ ಹೋದುವು, ಜತ್ತ ಉಳಿಯಿತು.

ಯೇಸೂಬಾಯಿ ಒಬ್ಬಳೇ ಅಲ್ಲ. ರೇಣುಕಾಬಾಯಿ ೧೮೧೦ರಿಂದ ೧೮೨೨ರವರೆಗೆ, ಅವಳ ತರುವಾಯ ಸಾಳೂಬಾಯಿ ಸ್ವಲ್ಪ ಕಾಲ ಜತ್ತದ ಗಾದಿಯನ್ನು ನೋಡಿಕೊಂಡರು. ೧೮೨೭ರಲ್ಲಿ ಸಾಲದ ಸಲುವಾಗಿ ಸಾತಾರೆಯ ಮಹಾರಾಜರು ಸಂಸ್ಥಾನವನ್ನು ತಮ್ಮ ಕೈಗೆ ತೆಗೆದುಕೊಂಡಿದ್ದರು. ಸಾಲ ತೀರಿ ೧೮೪೧ರಲ್ಲಿ ಅದು ಮರಳಿ ಬಂದಾಗ ಕಾರಭಾರ ಹಿಡಿದವಳು ಭಾಗೀರಥೀಬಾಯಿ. ಡಫಳಾಪುರದ ಚಿಕ್ಕ ಸಂಸ್ಥಾನವೂ ೧೯೧೭ರಲ್ಲಿ ಜತ್ತದಲ್ಲಿ ಸೇರಿಹೋಗುವ ಮೊದಲು ಒಬ್ಬ ರಾಣಿಯ ಕೈಯಲ್ಲಿಯೇ ಇತ್ತು. ಇವರೆಲ್ಲರೂ ಆ ಮನೆಗೆ ಬಂದ ಹೆಣ್ಣುಮಕ್ಕಳು. ಮನೆಯ ಗಂಡುದಿಕ್ಕು ತಪ್ಪಿದಾಗಲೆಲ್ಲ ಬಂದವಳು ಎದ್ದು ನಿಂತಿದ್ದಾಳೆ. ಆದರೂ ಪುಸ್ತಕಗಳಲ್ಲಿ ಅವರಿಗೆ ದೊರೆತಿರುವುದು ಒಂದೊಂದು ಸಾಲು ಮಾತ್ರ: ಇಂಥವರ ವಿಧವೆ, ಇಂಥವರ ಸೊಸೆ, ಇಷ್ಟು ವರ್ಷ. ೪೮ ವರ್ಷ ನಾಡನ್ನು ಕಾಯ್ದವಳಿಗೆ ಒಂದು ಸಾಲಾದರೆ, ೪೮ ವರ್ಷ ಒಲೆಯನ್ನು ಕಾಯ್ದವಳಿಗೆ ಎಷ್ಟು ಸಿಕ್ಕೀತು?

ಕಾಗದ ಮರೆತವಳನ್ನು ಜನ ಮರೆಯದೆ ಇದ್ದುದಕ್ಕೂ ನಮ್ಮ ತಾಲೂಕಿನಲ್ಲಿಯೇ ನಿದರ್ಶನವುಂಟು. ಗುಡ್ಡಾಪುರದ ದಾನಮ್ಮತಾಯಿಯನ್ನು ಇಲ್ಲಿ ಯಾರಿಗೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಪರಂಪರೆಯ ಮಾತಿನಂತೆ ಅವಳು ೧೨ನೆಯ ಶತಮಾನದವಳು. ನಮ್ಮ ಉಮರಾಣಿಯ ಅನಂತರಾಯ ಶಿರಸಮ್ಮ ದಂಪತಿಗಳ ಮಗಳು. ಹುಟ್ಟಿದ ಹೆಸರು ಲಿಂಗಮ್ಮ. ಊರು ಬಿಟ್ಟು ಕಲ್ಯಾಣಕ್ಕೆ ನಡೆದಳು. ಅಲ್ಲಿ ಅವಳ ದಾನಗುಣವನ್ನು ಕಂಡು ಬಸವಣ್ಣನವರು ದಾನಮ್ಮನೆಂದು ಕರೆದರು. ಸೋಮನಾಥನ ಕೈಹಿಡಿದು, ತಿರುಗಿ ಈ ನೆಲಕ್ಕೆ ಬಂದು, ಗುಡ್ಡಾಪುರದಲ್ಲಿ ನೆಲೆಸಿದಳು. ಮಗಳಾಗಿದ್ದಾಗ ಒಂದು ಹೆಸರು, ಮಾಡಿದ ಕೆಲಸದಿಂದ ಇನ್ನೊಂದು ಹೆಸರು. ಇಂದು ಛಟ್ಟಿ ಅಮಾವಾಸ್ಯೆಯ ಜಾತ್ರೆಗೆ ವಿಜಯಪುರ, ಬಾಗಲಕೋಟೆ, ಸೊಲ್ಲಾಪುರದ ಕಡೆಗಳಿಂದ ಕಾಲ್ನಡೆಯಲ್ಲಿ ಬರುವ ಭಕ್ತರು ಯಾವ ಗಡಿಯ ಕಲ್ಲನ್ನೂ ನೋಡಿ ನಿಲ್ಲುವುದಿಲ್ಲ. ಹಾದಿಯುದ್ದಕ್ಕೂ ಊರೂರಲ್ಲಿ ಅವರಿಗೆ ರೊಟ್ಟಿ ಬಡಿಸುವವರ ಸಾಲು ನಿಂತಿರುತ್ತದೆ. ಅವಳ ಚರಿತ್ರೆ ಉಳಿದಿರುವುದು ಆ ಹಾಡಿನಲ್ಲಿ, ಆ ನಡಿಗೆಯಲ್ಲಿ, ಆ ರೊಟ್ಟಿಯಲ್ಲಿ.

ದಾನಮ್ಮ ಸೇರಿದ ಆ ಕಲ್ಯಾಣವಾದರೂ ಎಂತಹುದು? ಬಂದವರಿಂದಲೇ ಕಟ್ಟಿದ ಊರು. ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದರೆಂದು ಪರಂಪರೆ ಹೇಳುವ ಮೋಳಿಗೆಯ ಮಾರಯ್ಯನವರು ಅಲ್ಲಿ ಕಟ್ಟಿಗೆ ಮಾರಿ ಜೀವಿಸಿದರು. ಅವರೊಡನೆ ಬಂದ ಮಡದಿ ಮಹಾದೇವಿಯಮ್ಮ ಬರಿಯ ಹಿಂಬಾಲಿಸಿದವಳಲ್ಲ. ಅವಳು ಕನ್ನಡದಲ್ಲಿ ವಚನ ಹೇಳಿದಳು, ಆ ವಚನಗಳು ಇಂದಿಗೂ ಉಳಿದಿವೆ. ಬೇರೆ ನುಡಿಯ ನಾಡಿನಿಂದ ಬಂದ ಹೆಣ್ಣೊಬ್ಬಳು ಈ ನುಡಿಯನ್ನು ತನ್ನದಾಗಿಸಿಕೊಂಡು ಅದಕ್ಕೇ ಸಂಪತ್ತು ಕೊಟ್ಟುಹೋದಳು. ಬಂದವಳು ನುಡಿಯನ್ನು ಕೆಡಿಸುತ್ತಾಳೆಂದು ಹೆದರುವವರು ಇದನ್ನು ನೆನೆಯಬೇಕು.

ದೂರದ ದಕ್ಷಿಣ ಕರ್ನಾಟಕದ ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳುವುದು ಉಚಿತ. ಹಾಸನದ ಹತ್ತಿರದ ಕೌಶಿಕ, ಮೈಸೂರು ಜಿಲ್ಲೆಯ ಬೆಟ್ಟದಪುರ ಮೊದಲಾದ ಕಡೆಗಳಲ್ಲಿ ನೆಲೆಸಿರುವ ಸಂಕೇತಿ ಜನರು ತಮಿಳು ಸೀಮೆಯ ಶೆಂಗೋಟ್ಟೆಯ ಕಡೆಯಿಂದ ಬಂದವರು. ತಮ್ಮ ವಲಸೆಯ ಮೊದಲಲ್ಲಿ ಅವರು ನೆನೆಯುವುದು ಒಬ್ಬ ಹೆಂಗಸನ್ನು. ಅವಳು ನಾಚಾರಮ್ಮ. ಶಾಸ್ತ್ರ ಬಲ್ಲ ಆ ವಿದುಷಿಯನ್ನು ಊರಿನ ಪಂಡಿತರು ಅವಮಾನಿಸಿದರೆಂದೂ, ಅವಳು ಊರನ್ನೇ ತೊರೆದು ಹೊರಟಳೆಂದೂ, ಅವಳನ್ನು ಗೌರವಿಸಿದ ಮನೆಗಳು ಅವಳೊಡನೆ ಹೊರಟವೆಂದೂ ಅವರಲ್ಲಿ ಐತಿಹ್ಯವುಂಟು. ಅವರು ಹೊಸ ನೆಲದಲ್ಲಿ ತೋಟ ಮಾಡಿ ಹೆಸರಾದರು. ಇಂದಿಗೂ ಮನೆಯಲ್ಲಿ ತಮ್ಮ ನುಡಿಯನ್ನು, ಹೊರಗೆ ಕನ್ನಡವನ್ನು ಆಡುತ್ತಾರೆ. ಒಂದು ಇಡೀ ಸಮುದಾಯವು ತನ್ನ ವಲಸೆಯ ಮೂಲದಲ್ಲಿ ಒಬ್ಬ ಹೆಣ್ಣಿನ ಹೆಸರನ್ನು ಕಾಪಾಡಿಕೊಂಡು ಬರಬಲ್ಲುದಾದರೆ, ನಮ್ಮ ಒಂದೊಂದು ಮನೆಯೂ ಒಂದೊಂದು ಹೆಸರನ್ನು ಏಕೆ ಕಾಪಾಡಬಾರದು?

ಈಗ ಹೆಸರಿಲ್ಲದವಳ ಕಡೆಗೆ ಬರೋಣ. ೧೮೭೬ರಿಂದ ೧೮೭೮ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಮಹಾಕ್ಷಾಮದಲ್ಲಿ ಅತಿ ಹೆಚ್ಚು ಬೆಂದ ಸೀಮೆಗಳಲ್ಲಿ ನಮ್ಮ ನೆರೆಯ ವಿಜಾಪುರವೂ ಒಂದು; ಆಗ ಅದಕ್ಕೆ ಕಲಾದಗಿ ಜಿಲ್ಲೆಯೆಂದು ಹೆಸರು. ೧೮೭೨ರ ಜನಗಣತಿಯಲ್ಲಿ ೮ ಲಕ್ಷಕ್ಕೂ ಮಿಕ್ಕಿದ್ದ ಅಲ್ಲಿಯ ಜನಸಂಖ್ಯೆ ೧೮೮೧ರಲ್ಲಿ ಆರೂವರೆ ಲಕ್ಷಕ್ಕಿಂತ ಕೆಳಗಿಳಿಯಿತು. ಕೆಲವರು ಹಸಿವಿನಿಂದ ಸತ್ತರು, ಕೆಲವರು ಬೇನೆಯಿಂದ ಸತ್ತರು, ಕೆಲವರು ಊರು ಬಿಟ್ಟರು. ಅಂಥ ದಿನಗಳಲ್ಲಿ ಊರು ಬಿಟ್ಟ ಮನೆಗಳಲ್ಲಿ ಒಬ್ಬ ಸೊಸೆಯಾದರೂ ಇದ್ದೇ ಇದ್ದಳು. ಅವಳಿಗೆ ನಾವು ಹೆಸರು ಕಟ್ಟುವುದಿಲ್ಲ; ಏಕೆಂದರೆ ಅವಳು ಒಂದೇ ಮನೆಯವಳಲ್ಲ.

ಊರು ಬಿಡುವ ನಿರ್ಧಾರವನ್ನು ಅವಳು ಮಾಡಲಿಲ್ಲ. ಹೊರಡುವ ಹಿಂದಿನ ರಾತ್ರಿ, ಹೊರುವುದು ಏನು, ಬಿಡುವುದು ಏನು ಎಂಬುದನ್ನು ಮಾತ್ರ ಅವಳು ನಿರ್ಧರಿಸಬೇಕಾಯಿತು. ಬೀಸುವ ಕಲ್ಲು ಭಾರ. ಜಗಲಿಯ ದೇವರು ಹಗುರ. ಬೀಜದ ಜೋಳ ಇನ್ನೂ ಉಳಿದಿದ್ದರೆ ಅದನ್ನು ಅರಿವೆಯಲ್ಲಿ ಗಂಟು ಕಟ್ಟಬೇಕು. ಮಕ್ಕಳು ಹಸಿದು ಅತ್ತರೂ ಆ ಗಂಟನ್ನು ಬಿಚ್ಚಬಾರದು. ಮುಂದಿನ ಹಿಂಗಾರಿ ಮಳೆ ಬಂದರೆ ಬಿತ್ತುವುದೇನು? ಹೊಟ್ಟೆಗೂ ಬೀಜಕ್ಕೂ ನಡೆಯುವ ಈ ಜಗಳದಲ್ಲಿ ಬೀಜದ ಪರವಾಗಿ ನಿಲ್ಲಬೇಕಾದವಳು ಅವಳೇ.

ಬಂದು ಸೇರಿದ ಊರಿನಲ್ಲಿ ಹೊಲ ಅವರದಲ್ಲ. ಕೋರಿಗೆ ಮಾಡಿದ ಹೊಲ, ಕಾಳಿನ ಕೂಲಿ, ನುಚ್ಚಿನ ಅಂಬಲಿ. ಜತ್ತದ ಮೂಡಣ ಭಾಗ ಮಳೆ ಬಿದ್ದರೂ ಬಿದ್ದೀತು, ಬೀಳದಿದ್ದರೂ ಇದ್ದೀತು ಎಂಬಂಥ ನೆಲ. ಸಹ್ಯಾದ್ರಿ ತಡೆದುಕೊಂಡ ಮಳೆಯ ಮಿಕ್ಕ ಪಾಲು ನಮ್ಮದು. ಇಂಥಲ್ಲಿ ಯಾವ ಬಾವಿಯ ನೀರು ಸಿಹಿ, ಯಾವುದರದು ಸವಳು, ಯಾವ ಬಾವಿಗೆ ಯಾರು ಕೊಡ ಇಳಿಸಬಹುದು ಎಂಬುದನ್ನು ಅವಳು ಮೊದಲ ವಾರದಲ್ಲಿಯೇ ಕಲಿಯಬೇಕಾಗಿತ್ತು. ಊರವರು ಅವಳನ್ನು ಹೆಸರಿನಿಂದ ಕರೆಯಲಿಲ್ಲ. ಬಂದ ಊರಿನಿಂದ ಕರೆದರು. ಇಂಡಿಯಾಕಿ, ಅಥಣಿಯಾಕಿ ಎಂಬ ಕರೆಗಳು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳುತ್ತವೆ. ಎಲ್ಲಿಂದ ಬಂದಳೋ ಆ ಊರು ಅವಳ ಹೆಸರಾಯಿತು. ಅವಳ ಹೆಸರು ಎಲ್ಲಿಯೋ ಹೋಯಿತು.

ಆದರೂ ಅವಳು ನೆಲೆ ಊರಿದಳು. ತೆನೆ ಆರಿಸಿ, ಬೂದಿ ಬೇವಿನೆಲೆ ಬೆರೆಸಿ ಬೀಜ ಕಾಯ್ದಳು. ಹರಕು ಅರಿವೆಗಳನ್ನು ಒಂದರ ಮೇಲೊಂದು ಇಟ್ಟು ಕೌದಿ ಹೊಲಿದಳು. ಮರಾಠಿ ಆಡುವ ನೆರೆಮನೆಯವಳಿಂದ ಕೆಂಡ ತಂದು ಒಲೆ ಹೊತ್ತಿಸಿದಳು. ಅವಳ ಹೆರಿಗೆಗೆ ತಾನು ಹೋಗಿ ಕುಳಿತಳು. ಸಂತೆಯಲ್ಲಿ ಮರಾಠಿ, ಒಲೆಯ ಮುಂದೆ ಕನ್ನಡ ಎಂಬ ಕಟ್ಟಳೆಯನ್ನು ಅವಳಿಗೆ ಯಾವ ಸರಕಾರವೂ ಕಲಿಸಲಿಲ್ಲ. ಎರಡೂ ನುಡಿಗಳು ಅವಳ ಬಾಯಲ್ಲಿ ಜಗಳವಿಲ್ಲದೆ ಬಾಳಿದುವು. ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಕುಳಿತು ತವರನ್ನು ನೆನೆದು ಹಾಡಿದಾಗ ಮಾತ್ರ ಕನ್ನಡವೊಂದೇ ಬಂದಿತು. ಆ ಹಾಡು ಕೇಳುತ್ತ ಮಲಗಿದ ಮಕ್ಕಳ ಕಿವಿಯಲ್ಲಿ ಉಳಿದದ್ದೇ ಈ ಗಡಿಯ ಕನ್ನಡ. ಕನ್ನಡ ಶಾಲೆಗಳು ತರುವಾಯ ಬಂದುವು. ಶಾಲೆಗೆ ಹೋಗದ ಅಜ್ಜಿ ಕಟ್ಟಿದ ಅಡಿಗಲ್ಲಿನ ಮೇಲೆ ಆ ಶಾಲೆಗಳು ನಿಂತಿವೆ.

ಇಂಥ ಬಾಳನ್ನು ತ್ಯಾಗ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಡುವ ರೂಢಿ ನಮ್ಮ ಸಭೆಗಳಲ್ಲಿ ಉಂಟು. ಅದು ಹೊಗಳಿಕೆಯಂತೆ ತೋರಿದರೂ ನ್ಯಾಯವಲ್ಲ. ಕೊಡುವುದೋ ಬಿಡುವುದೋ ಎಂದು ಕೇಳಿದಾಗ ಕೊಟ್ಟರೆ ಅದು ತ್ಯಾಗ. ಅವಳನ್ನು ಯಾರೂ ಕೇಳಲಿಲ್ಲ. ಬಂದ ವರ್ಷ ಮಳೆಯಾಗದಿದ್ದರೆ ಅವಳ ಕಾಲ್ಗುಣವೆಂದರು. ಮಳೆಯಾದರೆ ದೇವರ ದಯವೆಂದರು. ಪಂಚಮಿಗೆ ತವರಿನಿಂದ ಕರೆಯುವವರು ಬಾರದಾದಾಗ ಅವಳು ಯಾರೆದುರಿಗೂ ಅಳಲಿಲ್ಲ, ಅಳಲು ಬಿಡುವಿರಲಿಲ್ಲ. ಇದನ್ನೂ ನಾವು ಬರೆದಿಡಬೇಕು. ಬರಿಯ ಹೊಗಳಿಕೆ ಬರೆದರೆ ಅದು ಅವಳ ಚರಿತ್ರೆಯಾಗದು.

ಇನ್ನು ಕಾಗದಪತ್ರಗಳ ಮಾತು. ಸ್ವತಂತ್ರ ಭಾರತದ ಮೊದಲನೆಯ ಸಾರ್ವತ್ರಿಕ ಚುನಾವಣೆ ೧೯೫೧-೫೨ರಲ್ಲಿ ನಡೆದಾಗ ಸುಮಾರು ೨೮ ಲಕ್ಷ ಹೆಂಗಸರನ್ನು ಮತದಾರರ ಯಾದಿಯಿಂದ ಬಿಡಬೇಕಾಯಿತು. ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಯಿಸಿ, ತಮ್ಮ ಸ್ವಂತ ಹೆಸರನ್ನು ಹೇಳಲು ಅವರು ಒಪ್ಪಲಿಲ್ಲ. ಇವರಲ್ಲಿ ಹೆಚ್ಚಿನವರು ಉತ್ತರ ಭಾರತದವರು. ಆದರೆ ಆ ಸಂಕೋಚ ನಮಗೂ ಹೊಸದಲ್ಲ. ನಮ್ಮ ಕಡೆ ಹೆಣ್ಣುಮಗಳು ಗಂಡನ ಹೆಸರನ್ನು ಒಡಪು ಕಟ್ಟಿ ಹೇಳುತ್ತಾಳೆ. ಮರಾಠಿಯಲ್ಲಿ ಅದಕ್ಕೆ ಉಖಾಣೆ ಎನ್ನುತ್ತಾರೆ. ಗಂಡನ ಹೆಸರಿಗೆ ಅಷ್ಟು ಚಂದದ ಒಡಪು ಕಟ್ಟುವವಳಿಗೆ, "ನಿನ್ನ ಹೆಸರಿಗೊಂದು ಒಡಪು ಹೇಳು" ಎಂದು ಯಾರು ಕೇಳಿದ್ದಾರೆ?

ಗಡಿಯ ದಫ್ತರಗಳಲ್ಲಿ ಇನ್ನೊಂದು ವಿಶೇಷ. ಮನೆಯಲ್ಲಿ ಗಂಗವ್ವ, ನೀಲವ್ವ ಎಂದಿದ್ದವರು ಎಷ್ಟೋ ಕಾಗದಗಳಲ್ಲಿ ಗಂಗಾಬಾಯಿ, ನೀಲಾಬಾಯಿ ಆಗಿರುತ್ತಾರೆ. ಮದುವೆಯಲ್ಲಿ ಹೆಸರು ಬದಲಿಸುವ ಪದ್ಧತಿಯಿದ್ದ ಮನೆಗಳಲ್ಲಂತೂ ಒಬ್ಬಳಿಗೇ ಮೂರು ಹೆಸರು. ಮೊಮ್ಮಗ ಕಾಗದ ಹುಡುಕಹೊರಟರೆ ಒಬ್ಬಳೇ ಅಜ್ಜಿ ಮೂವರಾಗಿ ಎದುರಾಗುತ್ತಾಳೆ. ಇಲ್ಲವೆ ಮೂರರಲ್ಲಿ ಯಾವುದೂ ಅವಳಲ್ಲವೆಂದು ಕಚೇರಿಯವರು ಹೇಳುತ್ತಾರೆ. ಆದಕಾರಣ ಅಜ್ಜಿಯ ಎಲ್ಲ ಹೆಸರುಗಳನ್ನೂ ಒಂದೆಡೆ ಬರೆದಿಡುವುದು ಬರಿಯ ಭಾವನೆಯ ಮಾತಲ್ಲ. ವ್ಯವಹಾರದ ಮಾತು ಕೂಡ.

ಅವಳ ಹೆಸರು ಸರಕಾರದ ಕಾಗದದಲ್ಲಿ ಅವಳ ಸ್ವಂತ ದುಡಿಮೆಯ ಎದುರಿಗೆ ಮೂಡಿದ್ದು, ಬಹುಮಂದಿಯ ಪಾಲಿಗೆ, ೧೯೭೨ರ ಬರದಲ್ಲಿ. ಆ ವರ್ಷದ ಬರಗಾಲದ ಕಾಮಗಾರಿಗಳಲ್ಲಿ ಹೆಂಗಸರು ಕಲ್ಲು ಒಡೆದರು, ಕೆರೆಯ ಮಣ್ಣು ಹೊತ್ತರು. ಹೊರದೇಶದಿಂದ ಬಂದ ಮಿಲೋ ಎಂಬ ಕೆಂಪು ಜೋಳದ ರೊಟ್ಟಿ, ಕಾಮಗಾರಿಯಲ್ಲಿ ಹಂಚಿದ ಸುಕಡಿ ಇವುಗಳ ರುಚಿಯನ್ನು ಮರೆಯದ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಆ ಹಾಜರಿಯ ಮಸ್ಟರಿನಲ್ಲಿ ಹೆಂಗಸಿನ ಹೆಸರು, ಅದರ ಎದುರಿಗೆ ಅವಳ ಹೆಬ್ಬೆಟ್ಟು. ಉದ್ಯೋಗದ ಭರವಸೆಯ ಆ ಯೋಜನೆ ಮಹಾರಾಷ್ಟ್ರದಲ್ಲಿ ೧೯೭೭ರಲ್ಲಿ ಕಾಯಿದೆಯಾಯಿತು. ಮುಂದೆ ಇಡೀ ದೇಶದ ಯೋಜನೆಗೆ ಅದು ಮೇಲ್ಪಂಕ್ತಿಯಾಯಿತು. ನಮ್ಮ ತಾಯಂದಿರು ಹೊತ್ತ ಬುಟ್ಟಿಗಳ ಭಾರ ಆ ಕಾಯಿದೆಯ ಹಿಂದೆ ಇದೆ.

ವಲಸೆ ಹಳೆಯ ಕಾಲದ ಕಥೆಯಾಗಿಯೂ ಉಳಿದಿಲ್ಲ. ದಸರೆ ದೀಪಾವಳಿಗಳು ಮುಗಿದೊಡನೆ ಕಬ್ಬು ಕಡಿಯಲು ನಮ್ಮ ತಾಲೂಕಿನ ಕುಟುಂಬಗಳು ಕೃಷ್ಣೆಯ ಕಡೆಯ ಸಕ್ಕರೆ ಕಾರಖಾನೆಗಳಿಗೆ ಹೊರಡುತ್ತವೆ. ಆ ಲೆಕ್ಕದಲ್ಲಿ ಗಂಡ ಹೆಂಡತಿ ಕೂಡಿ ಒಂದು ಕೊಯ್ತಾ. ಎರಡು ಜೀವ, ನಾಲ್ಕು ಕೈ, ಆದರೆ ಎಣಿಕೆ ಒಂದು. ಮುಕಾದಮನು ಕೊಡುವ ಮುಂಗಡ ಸಾಮಾನ್ಯವಾಗಿ ಗಂಡನ ಹೆಸರಿನಲ್ಲಿ. ಅದನ್ನು ತೀರಿಸುವ ಬೆನ್ನು ಇಬ್ಬರದು. ಮಕ್ಕಳ ಶಾಲೆ ಅರ್ಧಕ್ಕೆ ನಿಲ್ಲುತ್ತದೆ. ೧೮೭೬ರ ಸೊಸೆಯ ಹೆಸರು ಹೇಗೆ ಅಳಿಯಿತೆಂದು ತಿಳಿಯಬೇಕಾದವರು ದೂರ ಹೋಗಬೇಕಾಗಿಲ್ಲ. ಇಂದಿನ ಕೊಯ್ತಾದ ಲೆಕ್ಕವನ್ನು ನೋಡಿದರೆ ಸಾಕು.

ಕಾಲ ಸ್ವಲ್ಪ ಸ್ವಲ್ಪವಾಗಿ ತಿರುಗುತ್ತಿದೆ ಎಂಬುದನ್ನೂ ಹೇಳಬೇಕು. ೨೦೨೪ರ ಮೇ ೧ರಿಂದ ಈಚೆಗೆ ಹುಟ್ಟಿದ ಮಕ್ಕಳ ಸರಕಾರಿ ಕಾಗದಗಳಲ್ಲಿ ಮಗುವಿನ ಹೆಸರಿನ ನಂತರ ತಾಯಿಯ ಹೆಸರು, ಆಮೇಲೆ ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮವನ್ನು ಮಹಾರಾಷ್ಟ್ರ ಸರಕಾರ ಕಡ್ಡಾಯ ಮಾಡಿದೆ. ಹುಟ್ಟಿದ ಮನೆಯ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಹಾದಿ ತೆರೆಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕೆಂದು ಮಹಾರಾಷ್ಟ್ರದಲ್ಲಿ ೧೯೯೪ರಲ್ಲಿ ತಿದ್ದುಪಡಿಯಾಯಿತು, ದೇಶಕ್ಕೆಲ್ಲ ೨೦೦೫ರಲ್ಲಿ. ಕಾಯಿದೆ ಬಂದು ಇಷ್ಟು ವರ್ಷವಾದರೂ ಎಷ್ಟು ಮನೆಗಳ ಸಾತಬಾರಾ ಉತಾರದಲ್ಲಿ ಮಗಳ ಹೆಸರು ನಿಂತಿದೆ? ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಅಕ್ಕತಂಗಿಯರ ಸಹಿ ಪಡೆಯಲು ಮಾತ್ರ ಅವರ ಪೂರ್ಣ ಹೆಸರು ಬೇಕಾಗುತ್ತದೆ. ತಾಯಿಯೆಂದು ಕೈಮುಗಿಯುವುದು ಸುಲಭ, ಪಾಲು ಬರೆಯುವುದು ಕಷ್ಟ. ದಾನಮ್ಮನ ಜಾತ್ರೆಗೆ ನಡೆಯುವ ಕಾಲುಗಳು ತಲಾಠಿಯ ಕಚೇರಿಯವರೆಗೂ ನಡೆದರೆ ಆ ತಾಯಿ ಹೆಚ್ಚು ಸಂತೋಷಪಟ್ಟಾಳು.

ಹಾಗಾದರೆ ನಾವು ಮಾಡಬೇಕಾದುದೇನು? ಕೆಲಸ ದೊಡ್ಡದಲ್ಲ. ಪ್ರತಿಯೊಂದು ಮನೆಯವರೂ ತಮ್ಮ ಮನೆಗೆ ಬಂದ ಅತಿ ಹಳೆಯ ಹೆಣ್ಣು ಹಿರಿಯಳ ಬಗೆಗೆ ಎರಡು ಪುಟ ಬರೆಯಬೇಕು. ಹುಟ್ಟಿದ ಊರು, ತವರಿನ ಮನೆದೇವರು, ಮೊದಲ ಹೆಸರು, ಮದುವೆಯ ಹೆಸರು, ಕಾಗದದ ಹೆಸರು, ಊರವರು ಕರೆದ ಹೆಸರು, ಯಾವ ಬರದಲ್ಲಿ, ಯಾವ ಹಾದಿಯಿಂದ, ಯಾರ ಕೂಡ ಬಂದಳು, ಏನನ್ನು ತಂದಳು, ಯಾವ ಹಾಡು ಹಾಡುತ್ತಿದ್ದಳು, ಯಾವ ಬೇನೆಗೆ ಯಾವ ಮದ್ದು ಕೊಡುತ್ತಿದ್ದಳು, ಯಾವ ಮಾತು ಅವಳ ತವರಿನದಾಗಿದ್ದು ಈ ಊರಿನಲ್ಲಿ ಬೇರೆಯಾಗಿ ಕೇಳುತ್ತಿತ್ತು. ಇಷ್ಟನ್ನು ಕೇಳಿ ತಿಳಿದರೆ ಎರಡು ಪುಟ ತಾನಾಗಿ ತುಂಬುತ್ತದೆ.

ಕೇಳಬೇಕಾದದ್ದು ಮನೆಯ ಮುದುಕಿಯರನ್ನು, ಅದೂ ಈ ವರ್ಷವೇ. ಹಿತ್ತಾಳೆಯ ಕೊಡ ತಟ್ಟೆಗಳ ಮೇಲೆ ಕೊರೆಸಿದ ಹೆಸರುಗಳನ್ನು ಓದಬೇಕು. ತವರಿನಿಂದ ಬಂದ ಪಾತ್ರೆಯ ಮೇಲೆ ತವರಿನ ಹೆಸರಿರುವುದುಂಟು. ಹಳೆಯ ಕೌದಿಯನ್ನು ಬಿಸಾಡುವ ಮೊದಲು ಅದರಲ್ಲಿ ಯಾರ ಸೀರೆ, ಯಾರ ಕುಬಸ ಇದೆಯೆಂದು ಕೇಳಬೇಕು. ಹೆಳವರು ಬಂದಾಗ ಕಾಣಿಕೆ ಕೊಟ್ಟು ಕಳಿಸುವುದರ ಜೊತೆಗೆ, ಹೆಂಡಂದಿರ ಹೆಣ್ಣುಮಕ್ಕಳ ಹೆಸರುಗಳನ್ನೂ ಹೇಳಿ ಬರೆಯಿಸಬೇಕು. ಫೇರಫಾರದ ಹಳೆಯ ನೋಂದುಗಳಲ್ಲಿ ಗಂಡ ತೀರಿದ ನಂತರ ವಾರಸಳೆಂದು ಬಂದ ಹೆಂಗಸಿನ ಹೆಸರು ಕೆಲವು ಕಡೆ ಸಿಕ್ಕೀತು. ಹಳೆಯ ಕಾಗದ ಮೋಡಿಯಲ್ಲಿದ್ದರೆ ಮೋಡಿ ಬಲ್ಲ ಮರಾಠಿ ಗೆಳೆಯರನ್ನು ಕೇಳಲು ಸಂಕೋಚವೇಕೆ? ಅವರ ಮನೆಯ ಅಜ್ಜಿಯೂ ನಮ್ಮ ಮನೆಯ ಅಜ್ಜಿಯೂ ಒಂದೇ ಬಾವಿಯ ನೀರು ಸೇದಿದವರು.

ಈ ಕೆಲಸವನ್ನು ಕನ್ನಡ ಶಾಲೆಯ ಮಕ್ಕಳ ಕೈಗೆ ಕೊಡಬೇಕೆಂದು ನಮ್ಮ ವಿನಂತಿ. ಇದಕ್ಕೆ ಕಾರಣವುಂಟು. ಮಗು ಶಾಲೆಯಲ್ಲಿ ಕಲಿಯುವ ಕನ್ನಡಕ್ಕೂ ಅಜ್ಜಿಯ ಬಾಯ ಕನ್ನಡಕ್ಕೂ ನಡುವೆ ಅಂತರ ಬಿದ್ದರೆ ಎರಡೂ ಒಣಗುತ್ತವೆ. ಅಜ್ಜಿ ಹೇಳಿ ಮಗು ಬರೆದರೆ ಎರಡಕ್ಕೂ ನೀರು ಸಿಕ್ಕುತ್ತದೆ. ಓದು ಮುಗಿಸಿ ನಾಳೆ ಆ ಮಗು ಪುಣೆಗೆ ಹೋಗಬಹುದು, ಮುಂಬಯಿಗೆ ಹೋಗಬಹುದು, ಬೆಂಗಳೂರಿಗೆ ಹೋಗಬಹುದು. ಹೊಟ್ಟೆಯ ಪಾಡಿಗೆ ಹೋಗಲೇಬೇಕು. ಆಗ ಅದೂ ವಲಸೆ ಹೋದ ಮನೆತನದ ಹಿರಿಯ ಜೀವವಾಗುತ್ತದೆ. ತನಗಿಂತ ಮೊದಲು ಒಬ್ಬಳು ಹೀಗೆಯೇ ಗುರುತಿಲ್ಲದ ಊರಿಗೆ ನಡೆದು, ನುಡಿಯನ್ನೂ ಬೀಜವನ್ನೂ ಕಾಯ್ದಳೆಂದು ತಿಳಿದಿದ್ದರೆ ಅದರ ಹೆಜ್ಜೆ ಗಟ್ಟಿಯಾಗಿರುತ್ತದೆ.

ಮಹನೀಯರೆ, ಬರಗಳು ಬಂದು ಹೋದುವು, ಸಂಸ್ಥಾನಗಳು ಬಂದು ಹೋದುವು, ಗಡಿಗಳು ಬಂದುವು. ಈ ಎಲ್ಲದರ ನಡುವೆ ನಮ್ಮ ಮನೆಗಳು ಉಳಿದುವು ಎಂದರೆ ಬಂದವಳು ಅವುಗಳ ಬೇರಾಗಿ ನಿಂತಳು. ಬೇರು ಕಾಣುವುದಿಲ್ಲವೆಂಬ ಕಾರಣಕ್ಕೆ ಮರ ಅದನ್ನು ಮರೆಯಲಾಗದು. ಮುಂದಿನ ವಾರ್ಷಿಕೋತ್ಸವದ ಹೊತ್ತಿಗೆ ಸಂಘದ ವಾಚನಾಲಯದಲ್ಲಿ ಇಂಥ ಒಂದು ನೂರು ಅಜ್ಜಿಯರ ಬಾಳು ಮಕ್ಕಳ ಕೈಬರಹದಲ್ಲಿ ಸೇರಲಿ. ಪ್ರತಿಯೊಂದರ ತಲೆಯಲ್ಲಿಯೂ ಅವಳ ಸ್ವಂತ ಹೆಸರು ಇರಲಿ.